ಭೌತಶಾಸ್ತ್ರ ವಿಭಾಗದ ಕಚೇರಿ ನಡೆಸುವುದು ಹೇಗೆ: ಹೊಸದಾಗಿ ಚಾರ್ಜ್ ತಗೊಂಡವರಿಗೆ

ವಿಶ್ವವಿದ್ಯಾಲಯದಲ್ಲಿ ವಿಭಾಗದ ಅಧ್ಯಕ್ಷ ಸ್ಥಾನ ಸಾಮಾನ್ಯವಾಗಿ ಸರದಿ ಮೇಲೆ ಬರುತ್ತದೆ. ಕ್ವಾಂಟಮ್ ಮೆಕ್ಯಾನಿಕ್ಸ್ ಪಾಠ ಮಾಡಿಕೊಂಡು, ವಿದ್ಯಾರ್ಥಿಗಳ ಜೊತೆ ಪೇಪರ್ ಬರೆದುಕೊಂಡು ಆರಾಮಾಗಿ ಇದ್ದವರ ಟೇಬಲ್ ಮೇಲೆ ದಿಢೀರನೆ ಕಡತಗಳ ರಾಶಿ ಬೀಳುತ್ತದೆ. "ಸರ್, ಇಲ್ಲೊಂದು ಸಹಿ ಬೇಕಾಗಿತ್ರಿ" ಎಂಬ ಮಾತು ಬೆಳಿಗ್ಗೆಯಿಂದ ಸಂಜೆವರೆಗೆ ಕೇಳುತ್ತಲೇ ಇರುತ್ತದೆ.

ಇತಿಹಾಸ ವಿಭಾಗಕ್ಕೂ, ಕನ್ನಡ ವಿಭಾಗಕ್ಕೂ ಇದೇ ಪಾಡು, ನಿಜ. ಆದರೆ ಭೌತಶಾಸ್ತ್ರದಲ್ಲಿ ಬಹಳಷ್ಟು ಕಾಗದಗಳ ಹಿಂದೆ ಒಂದು ವಸ್ತು ಇರುತ್ತದೆ. ಲೇಸರ್, ವ್ಯಾಕ್ಯೂಮ್ ಪಂಪು, ವಿಕಿರಣದ ಸೋರ್ಸ್, ಒಂದು ಸಿಲಿಂಡರ್. ಕಾಗದ ಒಂದು ಕಡೆ, ವಸ್ತು ಇನ್ನೊಂದು ಕಡೆ ಆದಾಗಲೇ ಇಲ್ಲಿ ತೊಂದರೆ ಶುರುವಾಗುವುದು. ಅವೆರಡನ್ನೂ ಜೋಡಿಯಾಗಿ ಇಟ್ಟುಕೊಳ್ಳುವುದೇ ಈ ಕುರ್ಚಿಯ ಮುಖ್ಯ ಕೆಲಸ ಎಂದು ನನ್ನ ಅಭಿಪ್ರಾಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಧಾರವಾಡದ ಸುತ್ತ ಎಲ್ಲ ಸಂಸ್ಥೆಗಳೂ ಒಂದೇ ನಿಯಮದ ಮೇಲೆ ನಡೆಯುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದದ್ದು. ಅದು ನಡೆಯುವುದು ರಾಜ್ಯದ ಕಾಯ್ದೆ ಮೇಲೆ. 2016ರಲ್ಲಿ ಶುರುವಾದ ಐಐಟಿ ಧಾರವಾಡ ಕೇಂದ್ರದ ಸಂಸ್ಥೆ. ಹಾವೇರಿಯದು ತೀರಾ ಹೊಸ ವಿಶ್ವವಿದ್ಯಾಲಯ. ಹುಬ್ಬಳ್ಳಿಯಲ್ಲಿ ಖಾಸಗಿಯವೂ ಇವೆ. ಹಳೆಯ ಕಡೆ ಹಳೆಯ ಉಪಕರಣಗಳ ರಾಶಿಯದ್ದೇ ಚಿಂತೆ. ಹೊಸ ಕಡೆ ಮೊದಲ ರಿಜಿಸ್ಟರ್ ತೆಗೆಯುವುದೇ ಚಿಂತೆ. ನಾನು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ರಾಜ್ಯದ ವಿಶ್ವವಿದ್ಯಾಲಯದ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲ ವಾರ: ಚಾರ್ಜ್

ಚಾರ್ಜ್ ಪಟ್ಟಿಗೆ ಚಹಾ ಕುಡಿಯುತ್ತಾ ಸಹಿ ಹಾಕಬೇಡಿ. ಹಿಂದಿನವರು ಎಷ್ಟೇ ಆತ್ಮೀಯರಾದರೂ ಸರಿ, ಅವರ ಜೊತೆ ಕೂತು ಒಂದೊಂದೇ ನೋಡಿಕೊಳ್ಳಿ. ಕೀಲಿಗಳು, ಬಹುಕಾಲ ಬಾಳುವ ಸಾಮಾನು ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರ್‌ಗಳು, ನಡೆಯುತ್ತಿರುವ ಪ್ರಾಜೆಕ್ಟ್‌ಗಳ ಪಟ್ಟಿ, ಯಾರ ಹೆಸರಲ್ಲಿ ಎಷ್ಟು ಮುಂಗಡ ಇನ್ನೂ ಹೊಂದಾಣಿಕೆ ಆಗದೆ ಉಳಿದಿದೆ ಎಂಬ ಲೆಕ್ಕ, ಬಾಕಿ ಇರುವ ಬಿಲ್ಲುಗಳು, ಕೋರ್ಟ್ ಅಥವಾ ಮಾಹಿತಿ ಹಕ್ಕಿನ ಅರ್ಜಿಗಳೇನಾದರೂ ಇದ್ದರೆ ಅವು. ಇಷ್ಟೂ ಬರಹದಲ್ಲಿ ಇರಲಿ.

ಈಗಿನ ಕಾಲಕ್ಕೆ ಇನ್ನೊಂದು ಸೇರಿಸಬೇಕು: ಪೋರ್ಟಲ್‌ಗಳ ಲಾಗಿನ್. ಪ್ರವೇಶ, ಪರೀಕ್ಷೆ ನೋಡಿಕೊಳ್ಳುವ ರಾಜ್ಯದ ಯುಯುಸಿಎಂಎಸ್, ಖರೀದಿಯ ಪೋರ್ಟಲ್, ವಿದ್ಯಾರ್ಥಿವೇತನದ ಪೋರ್ಟಲ್, ಎಕ್ಸ್‌ರೇ ಯಂತ್ರ ಇದ್ದರೆ ವಿಕಿರಣದ ಪರವಾನಗಿಗೆ ಇ-ಲೋರಾ. ಇವುಗಳಲ್ಲಿ ಕೆಲವಾದರೂ ಹಿಂದಿನ ಅಧ್ಯಕ್ಷರ ಮೊಬೈಲ್ ನಂಬರಿಗೆ ಕಟ್ಟಿರುತ್ತವೆ. ಅವರು ನಿವೃತ್ತರಾಗಿ ಮಗಳ ಮನೆಗೆ ಹೋಗಿರುತ್ತಾರೆ. ಇಲ್ಲಿ ಕಡೇ ದಿನ ಅರ್ಜಿ ತುಂಬಲು ಕೂತರೆ ಒಟಿಪಿ ಅವರ ಫೋನಿಗೆ ಹೋಗುತ್ತದೆ, ಫೋನು ಮಾತ್ರ ಅಡುಗೆಮನೆಯಲ್ಲಿ ಚಾರ್ಜ್‌ಗೆ ಹಾಕಿರುತ್ತಾರೆ. ಆದ್ದರಿಂದ ಮೊದಲ ವಾರದಲ್ಲೇ ನಂಬರ್ ಬದಲಿಸಿ. ವಿಭಾಗಕ್ಕೆ ಅಂತಲೇ ಒಂದು ಇಮೇಲ್, ಒಂದು ಸಿಮ್ ಇಟ್ಟರೆ ಇನ್ನೂ ಒಳ್ಳೆಯದು.

ಸ್ಟಾಕ್ ನೋಡುವುದು

ಇದು ಬೇಸರದ ಕೆಲಸ. ಆದರೂ ಯಾರಿಗೋ ವಹಿಸಿ ಸುಮ್ನೆ ಕೂರಬೇಡಿ. ಒಬ್ಬ ಅಧ್ಯಾಪಕರು, ಒಬ್ಬ ಲ್ಯಾಬ್ ಸಿಬ್ಬಂದಿ, ಒಬ್ಬ ಗುಮಾಸ್ತರು ಇರುವ ಸಣ್ಣ ತಂಡ ಮಾಡಿ. ಕೋಣೆಯಿಂದ ಕೋಣೆಗೆ ಹೋಗಿ. ವಸ್ತು ನೋಡಿ ರಿಜಿಸ್ಟರ್‌ನಲ್ಲಿ ಹುಡುಕಿ, ಆಮೇಲೆ ರಿಜಿಸ್ಟರ್ ಹಿಡಿದು ವಸ್ತು ಹುಡುಕಿ. ಎರಡೂ ದಿಕ್ಕಿನಿಂದ ನೋಡಿದರೆ ಮಾತ್ರ ಸತ್ಯ ಗೊತ್ತಾಗುತ್ತದೆ. ಮೊದಲನೆಯದರಲ್ಲಿ ನೋಂದಣಿಯೇ ಆಗದ ವಸ್ತುಗಳು ಸಿಗುತ್ತವೆ, ಪ್ರಾಜೆಕ್ಟ್ ಮುಗಿದ ಮೇಲೆ ಹಾಗೇ ಬಿಟ್ಟುಹೋದ ಕಂಪ್ಯೂಟರುಗಳು ಮುಖ್ಯವಾಗಿ. ಎರಡನೆಯದರಲ್ಲಿ ಕಾಣೆಯಾದವು ತಿಳಿಯುತ್ತವೆ. ಕಾಣೆಯಾದದ್ದೆಲ್ಲ ಕಳವಲ್ಲ. ಎಷ್ಟೋ ವರ್ಷದ ಹಿಂದೆ ಎಲೆಕ್ಟ್ರಾನಿಕ್ಸ್ ವಿಭಾಗದವರಿಗೆ ಎರವಲು ಕೊಟ್ಟ ಆಸಿಲೋಸ್ಕೋಪ್ ಅಲ್ಲೇ ಮನೆ ಮಾಡಿಕೊಂಡಿರುತ್ತದೆ. ಅದಕ್ಕೊಂದು ಚೀಟಿ ಬರೆಸಿ ಸಹಿ ತಗೊಳ್ಳಿ, ಸಾಕು.

ಪ್ರತಿ ವಸ್ತುವಿನ ಮೇಲೂ ರಿಜಿಸ್ಟರ್‌ನ ಪುಟ ಸಂಖ್ಯೆ, ಕ್ರಮ ಸಂಖ್ಯೆ ಬರೆಸಿ. ಬಣ್ಣದಲ್ಲಿ ಬರೆದದ್ದು ಉಳಿಯುತ್ತದೆ. ಕಾಗದದ ಸ್ಟಿಕ್ಕರ್ ನಮ್ಮ ಮಳೆಗಾಲದ ತೇವಕ್ಕೆ ಒಂದೇ ವರ್ಷದಲ್ಲಿ ಕಿತ್ತುಬರುತ್ತದೆ. ಹಾಗೇ ಖರ್ಚಾಗಿಹೋಗುವ ಸಾಮಾನು, ಅಂದರೆ ರೆಸಿಸ್ಟರ್, ಬಲ್ಬು, ಕೆಮಿಕಲ್ ಇಂಥವುಗಳ ರಿಜಿಸ್ಟರ್ ಬೇರೆ ಇರಬೇಕು. ಎರಡನ್ನೂ ಒಂದರಲ್ಲಿ ಬರೆದರೆ ಆಡಿಟ್‌ನವರು ಒಂದು ಫ್ಯೂಸಿಗೂ ಲೆಕ್ಕ ಕೇಳುತ್ತಾರೆ.

ವಿಕಿರಣದ ಸೋರ್ಸ್‌ಗಳಿಗೆ ಹೆಸರು, ಬೆಲೆ ಬರೆದರೆ ಸಾಲದು. ಯಾವ ಐಸೋಟೋಪ್, ಕೊಂಡಾಗ ಎಷ್ಟು ಆಕ್ಟಿವಿಟಿ (ವಿಕಿರಣದ ಪ್ರಮಾಣ), ಯಾವ ದಿನಾಂಕಕ್ಕೆ ಅಷ್ಟು, ಇವು ಮೂರೂ ಬೇಕು. ಕೋಬಾಲ್ಟ್-60ರ ಅರ್ಧಾಯು, ಅಂದರೆ ಆಕ್ಟಿವಿಟಿ ಅರ್ಧಕ್ಕೆ ಇಳಿಯುವ ಕಾಲ, ಸುಮಾರು 5.27 ವರ್ಷ. 20 ವರ್ಷದ ಹಿಂದೆ ತಂದ ಸೋರ್ಸ್‌ನಲ್ಲಿ ಈಗ ಉಳಿದಿರುವುದು ಶೇ. 7ರಷ್ಟು. ಸೀಸಿಯಮ್-137ಕ್ಕೆ ಅರ್ಧಾಯು 30 ವರ್ಷ, ಅದು ಇನ್ನೂ ಶೇ. 60ಕ್ಕಿಂತ ಮೇಲಿರುತ್ತದೆ. ದಿನಾಂಕ ಬರೆಯದೆ ಇದ್ದರೆ, ಸೋರ್ಸ್ ಸೊರಗಿದ್ದು ತಿಳಿಯದೆ, ವಿಕಿರಣ ಎಣಿಸುವ ಜಿಎಂ ಕೌಂಟರ್ ಕೆಟ್ಟಿದೆ ಎಂದು ಹೊಸದು ಕೊಳ್ಳುವ ಪ್ರಸ್ತಾವ ಬರುತ್ತದೆ. ಕೌಂಟರ್ ಚೆನ್ನಾಗಿಯೇ ಇರುತ್ತದೆ, ಪಾಪ.

ಟಪಾಲು ಮತ್ತು ಮಂದಿ

ಆವಕ-ಜಾವಕ ರಿಜಿಸ್ಟರ್ ಸರಿ ಇದ್ದರೆ ಅರ್ಧ ಕಚೇರಿ ಸರಿ ಇದ್ದಂತೆ. ಬಂದ ಪತ್ರಕ್ಕೆ ಅದೇ ದಿನ ನಂಬರ್ ಬೀಳಲಿ. ಅದರ ಮೇಲೆ ನೀವು ಎರಡೇ ವಿಷಯ ಬರೆಯಿರಿ: ಯಾರಿಗೆ, ಯಾವ ದಿನದೊಳಗೆ. "ನೋಡಿ ಕ್ರಮಕೈಗೊಳ್ಳಿ" ಎಂದು ಬರೆದರೆ ಯಾರೂ ನೋಡುವುದಿಲ್ಲ. ವಾಟ್ಸಾಪ್‌ನಲ್ಲಿ ಬರುವ ಸುತ್ತೋಲೆಗಳದ್ದು ಇನ್ನೊಂದು ಕಥೆ. ರಾತ್ರಿ ಹತ್ತಕ್ಕೆ ಬಂದು "ನಾಳೆ ಹನ್ನೊಂದರೊಳಗೆ ಮಾಹಿತಿ ಕೊಡಿ" ಎನ್ನುತ್ತವೆ. ಅವನ್ನೂ ಪ್ರಿಂಟ್ ತೆಗೆದು ಆವಕಕ್ಕೆ ಹಾಕಿಸಿ. ಮುಂದೆ ಒಂದು ದಿನ "ನಿಮಗೆ ತಿಳಿಸಿದ್ದೆವಲ್ಲ" ಎಂಬ ಮಾತು ಬರುತ್ತದೆ.

ವಿಭಾಗದ ನಿಜವಾದ ನೆನಪು ಇರುವುದು ಹಳೆಯ ಅಟೆಂಡರ್ ಮತ್ತು ಲ್ಯಾಬ್ ಅಸಿಸ್ಟೆಂಟ್ ತಲೆಯಲ್ಲಿ. ಯಾವ ಕಪಾಟಿಗೆ ಯಾವ ಕೀಲಿ, ಯಾವ ಸ್ಪೆಕ್ಟ್ರೋಮೀಟರ್‌ನ ಸ್ಕ್ರೂ ಸಡಿಲ, ಮಳೆ ಬಂದರೆ ಯಾವ ಮೂಲೆ ಸೋರುತ್ತದೆ, ಎಲ್ಲಾ ಅವರಿಗೆ ಗೊತ್ತು. ಅವರು ನಿವೃತ್ತರಾಗುವ ಮೊದಲು ಕೂತು ಅದನ್ನೆಲ್ಲ ಬರೆಸಿಕೊಳ್ಳಿ. ಕಾಕಾ, ಅಣ್ಣಾ ಎಂದು ಮಾತಾಡಿಸಿದರೆ ಹೇಳುತ್ತಾರೆ. ಮೆಮೋ ಕೊಟ್ಟು ಕೇಳಿದರೆ "ನನಗ ಗೊತ್ತಿಲ್ರಿ" ಅಂತಾರೆ.

ಮೇ ತಿಂಗಳ ಒಂದು ಕೆಲಸ ಇವರ ಕೈಯಲ್ಲೇ ಆಗಬೇಕು. ಮುಂಗಾರು ಹಿಡಿಯುವ ಮೊದಲು ಲೆನ್ಸ್, ಗ್ರೇಟಿಂಗ್, ಪ್ರಿಸಂಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಗಳಿಗೆ ಸೇರಿಸುವುದು. ಧಾರವಾಡದ ಜುಲೈ ತೇವದಲ್ಲಿ ಗಾಜಿನ ಮೇಲೆ ಬೂಸ್ಟು ಹಿಡಿದರೆ ಒರೆಸಿ ತೆಗೆಯಲು ಆಗುವುದಿಲ್ಲ.

ವೇಳಾಪಟ್ಟಿ

ಥಿಯರಿ ತರಗತಿಗಳನ್ನು ಹೇಗಾದರೂ ಹೊಂದಿಸಬಹುದು. ಕಷ್ಟ ಇರುವುದು ಪ್ರಾಕ್ಟಿಕಲ್‌ನಲ್ಲಿ. ಎಷ್ಟು ವಿದ್ಯಾರ್ಥಿಗಳು, ಎಷ್ಟು ಪ್ರಯೋಗ, ಪ್ರತಿಯೊಂದಕ್ಕೂ ನಡೆಯುವ ಸ್ಥಿತಿಯ ಸೆಟಪ್ ಎಷ್ಟು, ಈ ಲೆಕ್ಕದಿಂದ ಶುರು ಮಾಡಿ. ಅಧ್ಯಾಪಕರ ಅನುಕೂಲದಿಂದ ಶುರು ಮಾಡಿದರೆ ಒಂದೇ ಸೆಟಪ್ ಸುತ್ತ ಆರು ಜನ ನಿಂತು ಒಬ್ಬನೇ ರೀಡಿಂಗ್ ತೆಗೆಯುವುದಕ್ಕೆ ಬರುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಸಂಗತಿ ನೆನಪಿಡಬೇಕು. ಗದಗದಿಂದ ಧಾರವಾಡಕ್ಕೆ ಸುಮಾರು 80 ಕಿ.ಮೀ. ಹಾವೇರಿ ಅದಕ್ಕಿಂತ ದೂರ. ಹಾಸ್ಟೆಲ್ ಸಿಗದೆ ದಿನಾ ಓಡಾಡುವವರಿದ್ದಾರೆ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತವಾದದ್ದರಿಂದ ಮನೆಯಿಂದಲೇ ಬಂದು ಹೋಗುವ ಹುಡುಗಿಯರೂ ಇದ್ದಾರೆ. ಆರು ಗಂಟೆಗೆ ಲ್ಯಾಬ್ ಬಿಟ್ಟರೆ ಅವರು ಹುಬ್ಬಳ್ಳಿಗೆ ಬಂದು, ಅಲ್ಲಿ ಬಸ್ ಹಿಡಿದು, ಊರು ಸೇರುವಾಗ ಕತ್ತಲಾಗಿರುತ್ತದೆ. ದೂರದವರನ್ನು ಬೆಳಗಿನ ಬ್ಯಾಚಿಗೆ ಹಾಕಿದರೆ ಯಾರಿಗೂ ನಷ್ಟವಿಲ್ಲ, ಅಲ್ವಾ? ಹಾಜರಿ ಕೊರತೆಯ ಅರ್ಜಿಗಳೂ ಕಡಿಮೆಯಾಗುತ್ತವೆ.

ಅತಿಥಿ ಉಪನ್ಯಾಸಕರಿಗೆ ಕೊಟ್ಟ ತರಗತಿಗಳ ದಾಖಲೆ ಆಯಾ ವಾರವೇ ಸಹಿಯಾಗಲಿ. ಅವರ ಗೌರವಧನದ ಬಿಲ್ಲು ಆ ದಾಖಲೆ ಮೇಲೆ ನಿಂತಿರುತ್ತದೆ. ನಿಮ್ಮ ಟೇಬಲ್ ಮೇಲೆ ಅದು ತಡವಾದರೆ ಅವರ ಮನೆ ಬಾಡಿಗೆ ತಡವಾಗುತ್ತದೆ.

ಪರೀಕ್ಷೆ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಪರೀಕ್ಷಾ ವಿಭಾಗವೇ ಬೆನ್ನು ಬಿದ್ದು ಮಾಡಿಸುತ್ತದೆ. ಇಂಟರ್ನಲ್ ಅಂಕಗಳನ್ನು ಪೋರ್ಟಲ್‌ಗೆ ಏರಿಸುವ ಮೊದಲು ನೋಟಿಸ್ ಬೋರ್ಡಿಗೆ ಹಾಕಿ, ವಿದ್ಯಾರ್ಥಿಗಳ ಸಹಿ ತಗೊಳ್ಳಿ. ಹೊರಗಿನ ಪರೀಕ್ಷಕರಿಗೆ ಎರಡು ವಾರ ಮುಂಚೆಯೇ ದಿನಾಂಕ ತಿಳಿಸಿ. ಹುಬ್ಬಳ್ಳಿ ಸ್ಟೇಷನ್‌ಗೆ ಬರುವವರಾದರೆ ಧಾರವಾಡಕ್ಕೆ ಬರುವ ಚಿಗರಿ ಬಸ್ಸಿನ ದಾರಿ ಹೇಳಿಬಿಡಿ. ಸಿಲೆಬಸ್‌ನಲ್ಲಿ ಒಂದು ಘಟಕ ಬದಲಿಸಬೇಕಾದರೂ ಅಧ್ಯಯನ ಮಂಡಳಿಯ ಸಭೆ, ನಡಾವಳಿ, ನಂತರ ವಿದ್ಯಾವಿಷಯಕ ಪರಿಷತ್ತು, ಈ ದಾರಿಯಲ್ಲೇ ಹೋಗಬೇಕು. ಸ್ಟಾಫ್ ರೂಮಿನಲ್ಲಿ ಒಪ್ಪಿದ್ದು ಒಪ್ಪಿಗೆಯಲ್ಲ.

ಖರೀದಿ

ಇಲ್ಲಿ ನಿಧಾನವಾಗಿ ಓದಿ. ವಿಭಾಗದ ಹೆಸರು ಕೆಡುವುದು, ಉಳಿಯುವುದು ಎರಡೂ ಇಲ್ಲೇ.

ಮೊದಲು ಯಾವ ನಿಯಮ ನಿಮಗೆ ಅನ್ವಯಿಸುತ್ತದೆ ಎಂದು ತಿಳಿದುಕೊಳ್ಳಿ. ರಾಜ್ಯದ ವಿಶ್ವವಿದ್ಯಾಲಯಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಕೆಳಗೆ ಬರುತ್ತವೆ. ಎಲ್ಲರೂ ಅದನ್ನು ಕೆಟಿಪಿಪಿ ಎನ್ನುತ್ತಾರೆ. ಕೇಂದ್ರದ ಸಂಸ್ಥೆಗಳಿಗೆ 2017ರ ಜಿಎಫ್ಆರ್, ಅಂದರೆ ಸಾಮಾನ್ಯ ಹಣಕಾಸು ನಿಯಮಗಳು. ಎಷ್ಟು ಮೊತ್ತದವರೆಗೆ ನೇರವಾಗಿ ಕೊಳ್ಳಬಹುದು, ಎಷ್ಟಕ್ಕೆ ಕೊಟೇಶನ್, ಎಷ್ಟರ ಮೇಲೆ ಟೆಂಡರ್ ಎಂಬ ಮಿತಿಗಳು ಆಗಾಗ ಬದಲಾಗುತ್ತವೆ. ಹಿರಿಯರ ನೆನಪನ್ನು ನಂಬಬೇಡಿ. ಹಣಕಾಸು ಅಧಿಕಾರಿಗಳ ಕಚೇರಿಯಿಂದ ಈಗ ಜಾರಿಯಲ್ಲಿರುವ ಸುತ್ತೋಲೆ ತರಿಸಿ ಗೋಡೆಗೆ ಅಂಟಿಸಿ. ಮಿತಿಯೊಳಗೆ ಬರಲಿ ಎಂದು ಒಂದೇ ಖರೀದಿಯನ್ನು ಮೂರು ತುಂಡು ಮಾಡುವುದು ಬಹಳ ಹಳೆಯ ಜಾಣತನ. ಆಡಿಟ್‌ನವರು ಮೊದಲು ಹುಡುಕುವುದೇ ಅದನ್ನು.

ಆಮೇಲೆ ಸ್ಪೆಸಿಫಿಕೇಶನ್. ಒಂದೇ ಕಂಪನಿಯ ಬ್ರೋಷರ್ ನೋಡಿ ಇದ್ದದ್ದನ್ನು ಇದ್ದ ಹಾಗೇ ಇಳಿಸಿಕೊಂಡರೆ ಟೆಂಡರ್‌ಗೆ ಒಬ್ಬರೇ ಬರುತ್ತಾರೆ, ಮತ್ತೊಬ್ಬರು ದೂರು ಕೊಡುತ್ತಾರೆ. ನಿಮಗೆ ಏನು ಅಳೆಯಬೇಕು ಎಂಬುದರಿಂದ ಶುರು ಮಾಡಿ. ಎಕ್ಸ್‌ರೇ ಡಿಫ್ರಾಕ್ಟೋಮೀಟರ್ (ಹರಳಿನ ರಚನೆ ತಿಳಿಯುವ ಯಂತ್ರ) ಎಂದುಕೊಳ್ಳೋಣ. ಪುಡಿಯ ಮಾದರಿಯೋ, ತೆಳು ಪದರವೋ? ಯಾವ ಕೋನದಿಂದ ಯಾವ ಕೋನದವರೆಗೆ? ತಾಮ್ರದ ಟ್ಯೂಬ್ ಸಾಕೇ? ನಿಮ್ಮ ಮಾದರಿಗಳಲ್ಲಿ ಕಬ್ಬಿಣ ಜಾಸ್ತಿ ಇದ್ದರೆ ತಾಮ್ರದ ಕಿರಣಕ್ಕೆ ಫ್ಲೋರೆಸೆನ್ಸ್ ಬಂದು, ಅಂದರೆ ಮಾದರಿಯೇ ಕಿರಣ ಸೂಸಿ, ಹಿನ್ನೆಲೆ ಎದ್ದುಬಿಡುತ್ತದೆ, ಆಗ ಡಿಟೆಕ್ಟರ್ ಬಗ್ಗೆ ಬೇರೆಯೇ ಯೋಚನೆ ಬೇಕು. ಇದನ್ನು ನಿರ್ಧರಿಸಬೇಕಾದವರು ಬಳಸುವ ಅಧ್ಯಾಪಕರು. ಗುಮಾಸ್ತರೂ ಅಲ್ಲ, ಕಂಪನಿಯ ಪ್ರತಿನಿಧಿಯೂ ಅಲ್ಲ.

ಯಂತ್ರದ ಜೊತೆಗೆ ಬೇಕಾದದ್ದನ್ನೂ ಅದರಲ್ಲೇ ಬರೆಯಿರಿ. ಯಂತ್ರ ತಂಪಾಗಿಡುವ ಚಿಲ್ಲರ್, ಯುಪಿಎಸ್, ಕಂಪ್ಯೂಟರ್, ಸಾಫ್ಟ್‌ವೇರ್ ಪರವಾನಗಿ, ಇನ್‌ಸ್ಟಾಲೇಶನ್, ತರಬೇತಿ, ಗ್ಯಾರಂಟಿ ಮುಗಿದ ಮೇಲಿನ ನಿರ್ವಹಣೆಯ ದರ. ಬಿಟ್ಟುಹೋದರೆ ಯಂತ್ರ ಬಂದು ಕೂರುತ್ತದೆ, ಚಿಲ್ಲರ್‌ಗೆ ಮತ್ತೊಂದು ಟೆಂಡರ್ ಆಗುವವರೆಗೆ ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ತೆಗೆಯುವ ಹಾಗಿಲ್ಲ. ಅಷ್ಟರಲ್ಲಿ ಗ್ಯಾರಂಟಿ ಮುಗಿಯುತ್ತಾ ಬರುತ್ತದೆ.

ಕೋಣೆಯ ತಯಾರಿ ಆರ್ಡರ್ ಹೋದ ದಿನವೇ ಶುರುವಾಗಬೇಕು. ಎಂಜಿನಿಯರಿಂಗ್ ವಿಭಾಗಕ್ಕೆ ಅಂದೇ ಪತ್ರ ಬರೆಯಿರಿ. ಬೇರೆ ಅರ್ಥಿಂಗ್, ಮೂರು ಫೇಸ್ ಲೈನ್, ಎಸಿ, ಯಂತ್ರ ಹೋಗುವಷ್ಟು ಅಗಲದ ಬಾಗಿಲು. ಬಾಗಿಲ ವಿಷಯ ತಮಾಷೆಗೆ ಹೇಳುತ್ತಿಲ್ಲ, ಹಳೆಯ ಕಟ್ಟಡಗಳಲ್ಲಿ ಮೊದಲು ಟೇಪ್ ಹಿಡಿದು ಅಳೆಯಿರಿ. ಮಳೆಗಾಲದಲ್ಲಿ ಹೆಸ್ಕಾಂ ಲೈನ್ ಹೋಗಿ ಬಂದು ಮಾಡುತ್ತದೆ, ಗುಡುಗು ಸಿಡಿಲು ಬೇರೆ. ಯುಪಿಎಸ್ ಇಲ್ಲದೆ ಸೂಕ್ಷ್ಮ ಯಂತ್ರ ಆನ್ ಮಾಡಲು ಬಿಡಬೇಡಿ.

ತೆರಿಗೆಯಲ್ಲಿ ಒಂದು ಸಣ್ಣ ಎಚ್ಚರಿಕೆ. ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗೆ ಶೇ. 5ರ ರಿಯಾಯಿತಿ ಜಿಎಸ್‌ಟಿ ಇತ್ತು. ಅದು 2022ರ ಜುಲೈ 18ರಿಂದ ಹೋಯಿತು. ಆದರೂ ಹಳೆಯ ಕಡತ ನೋಡಿ ಅಂದಾಜು ಮಾಡುವವರು 5 ಎಂದೇ ಬರೆಯುತ್ತಾರೆ. ಕೊನೆಗೆ ಹಣ ಕಡಿಮೆ ಬೀಳುತ್ತದೆ.

ಸಣ್ಣ ಖರೀದಿಗೆ ಇಷ್ಟೆಲ್ಲ ಬೇಡ. ಪ್ರಾಕ್ಟಿಕಲ್ ನಡುವೆ ಒಂದು ಐಸಿ ಸುಟ್ಟರೆ ಯಾರಾದರೂ ಹುಬ್ಬಳ್ಳಿಗೆ ಹೋಗಿ ತಂದುಬಿಡುತ್ತಾರೆ. ಅದಕ್ಕೆ ಖಾಯಂ ಮುಂಗಡ ಇಟ್ಟುಕೊಳ್ಳಿ, ಬಿಲ್ಲು ಮಾತ್ರ ವಿಭಾಗದ ಹೆಸರಿನಲ್ಲೇ ಇರಲಿ. ಅಧ್ಯಾಪಕರು ಸ್ವಂತ ಜೇಬಿನಿಂದ ಹಾಕಿ ಸುಮ್ಮನಾಗುವ ರೂಢಿ ಇದೆ. ಒಳ್ಳೆಯ ಮನಸ್ಸು, ಕೆಟ್ಟ ಪದ್ಧತಿ. ಮುಂದಿನ ವರ್ಷದ ಬಜೆಟ್‌ನಲ್ಲಿ ಆ ಖರ್ಚು ಕಾಣುವುದೇ ಇಲ್ಲ.

ಮಾರ್ಚ್ 31ರಿಂದ ಹಿಂದಕ್ಕೆ ಎಣಿಸುವುದು

ಹಣದ ವರ್ಷವನ್ನು ಏಪ್ರಿಲ್‌ನಿಂದ ಮುಂದಕ್ಕೆ ಎಣಿಸಬೇಡಿ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿ. ಬಿಲ್ಲು ಮಾರ್ಚ್‌ನಲ್ಲಿ ಪಾಸಾಗಬೇಕಾದರೆ ಯಂತ್ರ ಜನವರಿಯಲ್ಲಿ ಬಂದಿರಬೇಕು. ಹೊರದೇಶದ್ದಾದರೆ ಆರ್ಡರ್ ದಸರೆಗೆ ಮೊದಲೇ ಹೋಗಿರಬೇಕು. ಅಂದರೆ ಸ್ಪೆಸಿಫಿಕೇಶನ್ ನಾಗರ ಪಂಚಮಿ ಹೊತ್ತಿಗೆ ಕೈಯಲ್ಲಿರಬೇಕು. ಜೂನ್-ಜುಲೈಯಲ್ಲಿ ಪ್ರವೇಶದ ಗಡಿಬಿಡಿ ಎಂದು ಮುಂದೂಡಿದರೆ ಫೆಬ್ರುವರಿಯಲ್ಲಿ ಹಣ ವಾಪಸ್ ಹೋಗುವ ಪತ್ರ ಬರುತ್ತದೆ.

ಫೆಬ್ರುವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಸಿ.ವಿ. ರಾಮನ್ 1928ರಲ್ಲಿ ತಮ್ಮ ಶೋಧವನ್ನು ತಿಳಿಸಿದ ದಿನ. ಯಾವ ವಿಭಾಗ ಬಿಟ್ಟರೂ ಭೌತಶಾಸ್ತ್ರದವರು ಬಿಡುವ ಹಾಗಿಲ್ಲ. ಆದರೆ ಅದು ಬರುವುದು ಲೆಕ್ಕ ಮುಗಿಸುವ ತಿಂಗಳ ಬಾಗಿಲಲ್ಲಿ. ಅತಿಥಿಗಳ ಪ್ರಯಾಣ ಭತ್ಯೆ, ಊಟದ ಬಿಲ್ಲು, ಬ್ಯಾನರ್, ಎಲ್ಲದರ ಹೊಂದಾಣಿಕೆ ಅದೇ ವಾರ ಮಾಡಿಸಿ. ತಗೊಂಡ ಮುಂಗಡ ಬಾಕಿ ಉಳಿದರೆ ಅದು ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ವಿಭಾಗದ ಹೆಸರಿನಲ್ಲಲ್ಲ.

ಕೇಂದ್ರದ ಅನುದಾನದ ಪ್ರಾಜೆಕ್ಟ್‌ಗಳಿಗೆ ಬಳಕೆ ಪ್ರಮಾಣಪತ್ರ ಜಿಎಫ್ಆರ್ 12-ಎ ನಮೂನೆಯಲ್ಲಿ ಕೊಡಬೇಕು. ಉಪಕರಣದ ಹಣ, ದಿನನಿತ್ಯದ ಖರ್ಚಿನ ಹಣ ಬೇರೆಬೇರೆ ತೋರಿಸಬೇಕು. ಒಂದರ ಹಣ ಇನ್ನೊಂದಕ್ಕೆ ಹಾಕುವ ಮೊದಲು ಅನುದಾನ ಕೊಟ್ಟವರ ಒಪ್ಪಿಗೆ ಬೇಕು. ಖಾತೆಯಲ್ಲಿ ಬಂದ ಬಡ್ಡಿ ನಿಮ್ಮದಲ್ಲ, ಕೇಂದ್ರಕ್ಕೆ ಹಣ ಕಟ್ಟುವ ಭಾರತ್ ಕೋಶ್ ಪೋರ್ಟಲ್ ಮೂಲಕ ಹಿಂದಿರುಗಿಸಬೇಕು. ಪ್ರಾಜೆಕ್ಟ್‌ನ ಮುಖ್ಯ ಸಂಶೋಧಕರಿಗೆ ಇದೆಲ್ಲ ತಲೆನೋವು ಎನಿಸುತ್ತದೆ. ಅವರ ಪರವಾಗಿ ಕಚೇರಿ ಒಂದು ಚಿಕ್ಕ ಹಾಳೆ ಇಟ್ಟುಕೊಳ್ಳಲಿ: ಮಂಜೂರಾದದ್ದು, ಬಂದದ್ದು, ಖರ್ಚಾದದ್ದು, ಉಳಿದದ್ದು.

ಸಂಶೋಧನಾ ವಿದ್ಯಾರ್ಥಿಗಳು

ಇವರು ಬಾಯಿ ಬಿಟ್ಟು ಕೇಳುವುದಿಲ್ಲ. ಆದ್ದರಿಂದ ಕಚೇರಿಯೇ ದಿನಾಂಕಗಳನ್ನು ನೋಡಿಕೊಳ್ಳಬೇಕು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3, ಗರಿಷ್ಠ 6 ವರ್ಷ. ಮರುನೋಂದಣಿ ಮೂಲಕ ಇನ್ನೂ 2 ವರ್ಷದವರೆಗೆ ಹೆಚ್ಚಿಸಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷದ ಸಡಿಲಿಕೆ, 240 ದಿನದವರೆಗೆ ಹೆರಿಗೆ ರಜೆ ಇದೆ. ಪ್ರೊಫೆಸರ್ ಒಬ್ಬರು ಒಂದು ಕಾಲಕ್ಕೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಬಹುದು. ಸೀಟು ಖಾಲಿ ಎಷ್ಟು ಎಂದು ಪತ್ರ ಬಂದಾಗ ಈ ಲೆಕ್ಕ ಸಿದ್ಧ ಇರಬೇಕು.

ಕಿರಿಯ ಸಂಶೋಧಕರ ಫೆಲೋಶಿಪ್ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಹಿರಿಯರ ಎಸ್‌ಆರ್‌ಎಫ್ 42,000. ಯುಜಿಸಿಯದ್ದಾದರೆ ಪೋರ್ಟಲ್‌ನಲ್ಲಿ ತಿಂಗಳು ತಿಂಗಳು ಮೇಕರ್ (ಮಾಹಿತಿ ಹಾಕುವವರು) ತುಂಬಬೇಕು, ಚೆಕರ್ (ಪರಿಶೀಲಿಸುವವರು) ಒಪ್ಪಬೇಕು. ವಿಭಾಗದಿಂದ ಹಾಜರಿ ತಡವಾಗಿ ಹೋದರೆ ಸರಪಳಿ ಅಲ್ಲೇ ನಿಲ್ಲುತ್ತದೆ. ಮನೆ ಬಾಡಿಗೆ ಭತ್ಯೆಗೆ ಹುಬ್ಬಳ್ಳಿ-ಧಾರವಾಡ ವೈ ದರ್ಜೆಯ ನಗರ. ಇದನ್ನು ತಿಳಿಯದೆ ಕಡಿಮೆ ದರದಲ್ಲೇ ತಗೊಳ್ಳುತ್ತಾ ಇರುವವರೂ ಉಂಟು, ಕರೆದು ಹೇಳಿ.

ವಿಕಿರಣ, ಮತ್ತು ಹಳೆಯ ಸಾಮಾನು ಹೊರಗೆ ಹಾಕುವುದು

ಎಕ್ಸ್‌ರೇ ಯಂತ್ರ ಇದ್ದರೆ ಅಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಪೋರ್ಟಲ್‌ನಲ್ಲಿ ಅದರ ದಾಖಲೆ ಚಾಲ್ತಿಯಲ್ಲಿರಬೇಕು. ಸೋರ್ಸ್‌ಗಳ ಕಪಾಟಿಗೆ ಎರಡು ಕೀಲಿ, ಯಾರು ಯಾವಾಗ ತೆಗೆದರು, ಇಟ್ಟರು ಎಂಬ ಪುಸ್ತಕ, ಬಾಗಿಲ ಮೇಲೆ ಕನ್ನಡದಲ್ಲೂ ಬರೆದ ಎಚ್ಚರಿಕೆ ಫಲಕ. ಕಸ ಗುಡಿಸಲು ಬರುವವರು ಓದುವುದು ಕನ್ನಡವನ್ನೇ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಬಹಳ ವರ್ಷ ಬಳಸದೆ ಬಿಟ್ಟಿದ್ದ ಗಾಮಾ ಯಂತ್ರವನ್ನು ಗುಜರಿಗೆ ಹರಾಜು ಹಾಕಿದರು. ಅದರೊಳಗೆ ಕೋಬಾಲ್ಟ್-60 ಇತ್ತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಒಡೆದರು. ಹಲವರಿಗೆ ವಿಕಿರಣ ತಗುಲಿತು, ಒಬ್ಬರು ಸತ್ತರು. ಆ ಹರಾಜಿಗೂ ಕಡತ ಇತ್ತು, ಸಹಿಗಳಿದ್ದವು. ಒಳಗೆ ಏನಿದೆ ಎಂಬುದು ಮಾತ್ರ ಆ ಕಾಗದದಿಂದ ತಪ್ಪಿಹೋಗಿತ್ತು.

ಆದ್ದರಿಂದ ರೈಟ್-ಆಫ್ ಮಾಡುವಾಗ, ಅಂದರೆ ಸಾಮಾನನ್ನು ಲೆಕ್ಕದಿಂದ ತೆಗೆಯುವಾಗ, ಹೀಗೆ ಮಾಡಿ. ವಿಭಾಗದ ಸಮಿತಿ ಪ್ರತಿ ವಸ್ತುವನ್ನೂ ಮುಟ್ಟಿ ನೋಡಲಿ, "ಹಳೆಯ ಯಂತ್ರ, 1" ಎಂದು ಬರೆಯುವುದು ಬೇಡ. ಗುರುತು ಸಿಗದ ಸೀಸದ ಡಬ್ಬಿ, ಭಾರದ ಸಿಲಿಂಡರ್ ಆಕಾರದ ಪಾತ್ರೆ, ಮಾಸಿದ ಮೂರೆಲೆಯ ವಿಕಿರಣ ಚಿಹ್ನೆ ಕಂಡರೆ ಅಲ್ಲೇ ನಿಲ್ಲಿಸಿ, ವಿಕಿರಣ ಅಳೆಯುವ ಸರ್ವೇ ಮೀಟರ್ ತರಿಸಿ. ಸೋರ್ಸ್ ಆಗಿದ್ದರೆ ಅದು ಹರಾಜಿಗೆ ಹೋಗುವ ಮಾತೇ ಇಲ್ಲ, ಮಂಡಳಿಯ ಒಪ್ಪಿಗೆ ಪಡೆದು ಅವರು ಹೇಳಿದ ಕಡೆಗೇ ಹೋಗಬೇಕು. ಹಳೆಯ ಬ್ಯಾರೋಮೀಟರ್, ಡಿಫ್ಯೂಷನ್ ಪಂಪುಗಳಲ್ಲಿ ಪಾದರಸ ಇದೆಯೇ ನೋಡಿ, ಇದ್ದರೆ ಬೇರೆ ಇಡಿ. ಕಂಪ್ಯೂಟರ್, ಮಾನಿಟರ್, ಸರ್ಕ್ಯೂಟ್ ಬೋರ್ಡುಗಳು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೇ ಹೋಗಬೇಕು, ತೂಕಕ್ಕೆ ಕೊಳ್ಳುವ ಗಾಡಿಯವರಿಗಲ್ಲ.

ಉಳಿದದ್ದು ಹರಾಜಾಗಲಿ. ಹಣ ವಿಶ್ವವಿದ್ಯಾಲಯದ ಖಾತೆಗೆ ಜಮಾ ಆದ ರಸೀದಿ ಬಂದ ಮೇಲೆ ಗೇಟ್ ಪಾಸ್ ಕೊಡಿ. ಲಾರಿ ಹೊರಟ ದಿನವೇ ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ ಆಯಾ ಸಾಲಿನ ಎದುರು ಕೆಂಪು ಶಾಯಿಯಲ್ಲಿ ಆದೇಶದ ನಂಬರು, ರಸೀದಿ ನಂಬರು, ದಿನಾಂಕ ಬರೆದು ಸಹಿ ಹಾಕಿ.